ಬನ್ನಿಕಟ್ಟಿಯನ್ನು ಕಾದ ಆಷಾಢ

ಮೊನ್ನೆ ಮಂಗಳವಾರ ನಮ್ಮ ಓಣಿಯ ಹುಡುಗಿಯರು ಆಷಾಢದ ಮಣ್ಣಿನ ದೇವಿ ಗುಳ್ಳವ್ವನನ್ನು ಮಾಡಲು ಎರೆಮಣ್ಣು ಕಲಸುತ್ತಿದ್ದರು. ನಾನು ಆಗಷ್ಟೇ ಸ್ಕೂಟರ್ ನಿಲ್ಲಿಸಿದ್ದೆ. ಹಸಿ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಎನ್ನತೊಡಗಿತು. ನಗಬೇಡಿ. ಆಷಾಢದ ಮಣ್ಣಿನ ವಾಸನೆಗೆ ಬೇರೆಯವರಿಗೆ ತವರುಮನೆ ನೆನಪಾಗಬಹುದು, ನನಗೆ ಮಾತ್ರ ದಂಡು ನೆನಪಾಗುತ್ತದೆ. ಜಮಖಂಡಿಯ ನೀಲಿ ದಂಡು, ಮುಧೋಳದ ಕಪ್ಪು ದಂಡು, ನಮ್ಮ ಬನಹಟ್ಟಿಯ ಕೆಂಪು ದಂಡು, ಬೀಳಗಿಯ ಗೌರಕ್ಕನ ಅರಿಶಿನ ದಂಡು! ಎರಡು ವರ್ಷದ ಹಿಂದೆ, ಇಂಥದೇ ಮಳೆಯಲ್ಲಿ, ನಾವು ನಾಲ್ವರು ಒಂದು ಮೇಜಿನ ಸುತ್ತ ನಿಂತು ಈ ನಾಲ್ಕು ಊರುಗಳ ನಡುವಿನ ನೆಲಕ್ಕಾಗಿ ಹೊಡೆದಾಡಿದೆವು. ಅಷ್ಟು ಕೂಗಾಡಿದ ಮಳೆಗಾಲ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಈ ಹುಚ್ಚು ಹೊರಟದ್ದು ನನ್ನ ತಲೆಯಿಂದಲೇ. ನಾನು ಸೀರೆಯ ಅಂಚು, ಸೆರಗುಗಳಿಗೆ ಡಿಸೈನ್ ಬಿಡಿಸುವವಳು. ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಮೀಸೆ ನರೆತ ಗಂಡಸರು ಮೇಜಿನ ಮೇಲೆ ಗುಡ್ಡ, ಹೊಳೆ, ಊರು ಎಲ್ಲ ಕಟ್ಟಿಕೊಂಡು, ಬೆರಳುದ್ದದ ಸೈನಿಕರನ್ನು ಅಳೆದು ಅಳೆದು ಸರಿಸುತ್ತ, ದಾಳ ಉರುಳಿಸಿ ಯುದ್ಧ ಆಡುತ್ತಿದ್ದರು. ನೋಡುತ್ತ ನೋಡುತ್ತ ಅನ್ನ ಆರಿತು. ಅಂಥ ಗೊಂಬೆಗಳನ್ನು ಪರದೇಶದಿಂದ ತರಿಸುವುದು ನಮ್ಮಿಂದಾಗದ ಮಾತು. ಆದರೆ ನಮ್ಮಲ್ಲಿ ಎರೆಮಣ್ಣಿಗೇನು ಬರ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತಿದ್ದುವ ಕೈ ಒಬ್ಬ ಸೈನಿಕನನ್ನು ತಿದ್ದಲಾರದೆ? ಡಿಸೈನಿಗೆಂದು ತೂತು ಹೊಡೆದ ಮಗ್ಗದ ಹಳೆಯ ಜಕಾರ್ಡ್ ರಟ್ಟುಗಳನ್ನು ಕತ್ತರಿಸಿ, ಅದರ ಮೇಲೆ ಐದೈದು ಮಂದಿಯನ್ನು ನಿಲ್ಲಿಸಿದರೆ ಒಂದು ಪಡೆ ತಯಾರು.

ಜೊತೆಗೆ ಮೂವರು ಸಿಕ್ಕರು. ಜಮಖಂಡಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಪ್ರಕಾಶಣ್ಣ ನಮ್ಮ ಮನೆಗೆ ಹಳೆಯ ಪರಿಚಯದವರು. ಅವರಿಗೆ ನಿಯಮವೆಂದರೆ ಪ್ರಾಣ, ಅರ್ಧ ಬೆರಳು ಹೆಚ್ಚು ಸರಿಸಿದರೂ ಬಿಡುವವರಲ್ಲ. ಮುಧೋಳದ ಸಂಗಮೇಶ ನನ್ನ ಕಾಲೇಜಿನ ಗೆಳೆಯ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಮಳೆಗಾಲದಲ್ಲಿ ಅವನಿಗೆ ಬಿಡುವೋ ಬಿಡುವು. ತನ್ನ ಮನೆಯ ಬೇಟೆನಾಯಿಯ ಮೇಲಿನ ಪ್ರೀತಿಗೆ ತಂತಿಯ ಕಾಲಿಟ್ಟು ಒಂದು ನಾಯಿಪಡೆಯನ್ನೇ ಮಾಡಿಕೊಂಡು ಬಂದ. ಮೂರನೆಯವಳು ಗೌರಕ್ಕ, ನನ್ನ ಸೋದರತ್ತೆಯ ಮಗಳು, ಬೀಳಗಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು. ಬಟ್ಟೆ ಖರೀದಿಗೆಂದು ಬನಹಟ್ಟಿಗೆ ಬಂದವಳು ನಮ್ಮ ಆಟ ನೋಡಲು ನಿಂತಳು, ನಿಂತವಳು ಕೊರಳಲ್ಲಿದ್ದ ಟೇಪು ತೆಗೆದು ಅಳೆಯತೊಡಗಿದಳು, ಮರುವಾರ ಅರಿಶಿನ ಬಳಿದ ತನ್ನದೇ ದಂಡು ಹಿಡಿದುಕೊಂಡು ಬಂದಳು. ಸೈನಿಕರ ಕಣ್ಣಿಗೆ ಗುಲಗಂಜಿ, ಎದೆಗೆ ಜೋಳದ ಕಾಳು. ಏನು ಚಂದ ಅಂತೀರಿ!

ಭಾನುವಾರ ನಮ್ಮ ಮಗ್ಗದ ಮನೆಯ ಒಂದು ಮೂಲೆಯಲ್ಲಿ ಆಟ. ಮೊದಮೊದಲು ಭಾರಿ ಹುರುಪು. ಆಮೇಲೆ ಸಪ್ಪೆಯಾಯಿತು. ಪ್ರತಿ ವಾರ ಪ್ರಕಾಶಣ್ಣನೇ ಗೆಲ್ಲುವುದು, ಪ್ರತಿ ವಾರ ಗೌರಕ್ಕನೇ ಸೋಲುವುದು. ಅವಳದೊಂದು ಚಾಳಿ: ತನ್ನ ಮಂದಿ ಇಬ್ಬರು ಮೂವರು ಬಿದ್ದರೆ ಸಾಕು, ಕರುಳು ಚುರ್ ಎಂದು ಇಡೀ ಪಡೆಯನ್ನು ಹಿಂದಕ್ಕೆ ಎಳೆದುಕೊಂಡುಬಿಡುವಳು. ಹಿಂದೆ ಸರಿದರೆ ಮೈದಾನ ಎದುರಾಳಿಗೆ. ನಾನು ಬೈದದ್ದೇ ಬೈದದ್ದು. ಒಂದು ಭಾನುವಾರ ಅವಳು ಗೊಂಬೆಗಳನ್ನು ಚೀಲಕ್ಕೆ ತುಂಬುತ್ತ, ಮುಂದಿನ ವಾರದಿಂದ ನಾನು ಬರುವುದಿಲ್ಲ ಎಂದಳು. ಸೋಲಿಗೆ ಬೇಸರವೇ ಎಂದು ಕೇಳಿದೆವು.

“ಸೋಲೂದಕ್ಕಲ್ಲಬೇ ಸುಮಿ,” ಅಂದಳು. “ಈ ವಾರ ಸತ್ತವರು ಮುಂದಿನ ವಾರ ಮತ್ತ ಎದ್ದು ನಿಂದರತಾರ. ಹಂಗಾರ ಸತ್ತದ್ದರ ಏನು, ಉಳಿದದ್ದರ ಏನು?”

ಪ್ರಕಾಶಣ್ಣನೂ ತಲೆ ಕೆರೆದುಕೊಂಡರು. ಮಾತು ನಿಜವಾಗಿತ್ತು.

ಆ ವಾರವೆಲ್ಲ ನನಗೆ ಅದೇ ಗುಂಗು. ಅವ್ವ ಮಗ್ಗದ ಹಿಂದೆ ಕುಳಿತು ಕೆಚ್ಚುತ್ತಿದ್ದಳು. ನೇಕಾರರಲ್ಲದವರಿಗೆ ಹೇಳಬೇಕು: ಒಂದು ಹಾಸು, ಅಂದರೆ ಮಗ್ಗಕ್ಕೆ ಏರಿಸಿದ ಉದ್ದನೆಯ ಎಳೆಗಳು, ಮುಗಿದಾಗ ನಾವು ಮಗ್ಗವನ್ನು ಬೋಳು ಮಾಡುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಹಾಗೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಅದಕ್ಕೆ ಕೂಡಿಸುತ್ತೇವೆ. ಅದೇ ಕೆಚ್ಚುವುದು. ಹಳೆಯದು ಹೊಸದನ್ನು ಎಳೆದುಕೊಂಡು ಹೋಗುತ್ತದೆ. ಹುಟ್ಟಿದಾಗಿನಿಂದ ನೋಡಿದ ಕೆಲಸ, ಅವತ್ತು ನೋಡಿದವಳೇ ಎದ್ದು ಕುಣಿದೆ. ಯುದ್ಧಗಳನ್ನೂ ಹೀಗೇ ಕೆಚ್ಚಿದರಾಯಿತು! ಈ ವಾರ ಉಳಿದವರೇ ಮುಂದಿನ ವಾರ ಕಾದಬೇಕು. ಬಿಡಿ ಯುದ್ಧಗಳೆಲ್ಲ ಕೂಡಿ ಒಂದೇ ದಂಡಯಾತ್ರೆ. ಅವ್ವ ತಲೆ ಎತ್ತಿ, ಹಲ್ಲಿ ಬಿತ್ತೇನು ಮೈಮೇಲೆ ಎಂದು ಕೇಳಿದಳು.

ಸೀರೆಯ ಅಂಚು ಬಿಡಿಸುವ ಚೌಕಳಿ ಹಾಳೆಯ ಮೇಲೆ ನಕ್ಷೆ ಬರೆದೆ. ಮೇಲೆ ಕೃಷ್ಣೆ, ಕೆಳಗೆ ಘಟಪ್ರಭೆ, ನಡುವೆ ನಮ್ಮ ನಾಲ್ಕು ಊರು, ಸುತ್ತ ಚಿಮ್ಮಡದಂಥ ಹಳ್ಳಿಗಳು, ಒಂದರಿಂದ ಒಂದಕ್ಕೆ ದಾರಿ. ನಿಯಮ ನಾಲ್ಕೇ. ವಾರಕ್ಕೆ ಒಂದು ಊರಿನಷ್ಟು ದೂರ ದಂಡು ನಡೆಯಬಹುದು. ಎರಡು ದಂಡು ಒಂದೇ ಊರಲ್ಲಿ ಎದುರಾದರೆ ಮೇಜಿನ ಮೇಲೆ ಯುದ್ಧ, ಗೆದ್ದವರಿಗೆ ಊರು. ಬಿದ್ದವರಲ್ಲಿ ಅರ್ಧ ಮಂದಿ ಗಾಯ ಮಾಯ್ದು ಮರಳಿ ಬರುತ್ತಾರೆ, ಉಳಿದರ್ಧ ಸತ್ತಂತೆಯೇ, ಅವರಿಗೆ ಬದಲಿ ಇಲ್ಲ. ಆಷಾಢದ ಕೊನೆಯ ಭಾನುವಾರ ಯಾರ ಕೈಯಲ್ಲಿ ಹೆಚ್ಚು ಊರಿದೆಯೋ ಅವರು ಗೆದ್ದರು. ಇಷ್ಟು ಸರಳ. ಪ್ರಕಾಶಣ್ಣ ಇನ್ನೂ ಹತ್ತು ನಿಯಮ ಸೇರಿಸಲು ಬಾಯಿ ತೆರೆದರು, ನಾನು ಅವರ ಮುಂದೆ ಅವಲಕ್ಕಿ ತಾಟು ಇಟ್ಟೆ.

ಗೌರಕ್ಕ ಬಹಳ ಹೊತ್ತು ನಕ್ಷೆಯನ್ನೇ ನೋಡಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಜಮಖಂಡಿಗೂ ಬೀಳಗಿಗೂ ನಡುವೆ, ಹಿನ್ನೀರೆಂದು ನಾನು ನೀಲಿ ಬಳಿದಿದ್ದ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ‘ಬನ್ನಿಕಟ್ಟಿ’ ಎಂದು ಬರೆದಳು. ಅದು ಅವಳು ಹುಟ್ಟಿದ ಊರು. ಆಣೆಕಟ್ಟಿನ ನೀರು ನಿಂತಾಗ ಮುಳುಗಿ, ಊರಿನವರೆಲ್ಲ ಬೀಳಗಿಯ ಹತ್ತಿರದ ಹೊಸ ವಸತಿಗೆ ಬಂದಿದ್ದರು. ಅವಳ ಅಪ್ಪ, ನನ್ನ ಮಾವ, ಈಗಲೂ ಅಲ್ಲಿಯೇ ಮಗನ ಮನೆಯಲ್ಲಿದ್ದಾನೆ. ನೀರಿನೊಳಗಿನ ಊರಿಗೆ ದಂಡು ಹೇಗೆ ಹೋಗುತ್ತದೆ ಎಂದು ಪ್ರಕಾಶಣ್ಣ ತಕರಾರು ತೆಗೆದರು. ಬೇಸಿಗೆಯಲ್ಲಿ ನೀರಿಳಿದಾಗ ನಮ್ಮ ಮನೆಯ ತಳಪಾಯ ಕಾಣುತ್ತದೆ, ಕಾಣುವ ಊರು ನಕ್ಷೆಯಲ್ಲಿ ಯಾಕಿರಬಾರದು ಎಂದು ಗೌರಕ್ಕ ಕೇಳಿದಳು. ಕೊನೆಗೆ ರಾಜಿಯಾಯಿತು: ಬನ್ನಿಕಟ್ಟಿ ನಕ್ಷೆಯಲ್ಲಿರಲಿ, ದಾರಿ ಅದರ ಮೇಲೆಯೇ ಹಾಯಲಿ, ಆದರೆ ಗೆಲುವಿನ ಲೆಕ್ಕಕ್ಕೆ ಅದು ಸೊನ್ನೆ.

“ಲೆಕ್ಕಕ್ಕ ಬ್ಯಾಡ್ರಿ ಅಣ್ಣಾರ,” ಅಂದಳು ಗೌರಕ್ಕ. “ಆಷಾಢ ಮುಗಿಯೂತನಕ ಅದು ನನ್ನ ಬಣ್ಣದಾಗ ಇದ್ದರ ಸಾಕು.”

ಅವತ್ತು ನಮಗೆಲ್ಲ ತಿಳಿದುಹೋಯಿತು, ಅವಳು ಆಡುತ್ತಿರುವುದು ಬೀಳಗಿಗಾಗಿ ಅಲ್ಲ.

ಅಬ್ಬಾ, ಆಮೇಲಿನ ವಾರಗಳು! ಮಳೆ ಹೊಡೆಯುತ್ತಿತ್ತು, ತಗಡಿನ ಮೇಲೆ ಅದರ ಸಪ್ಪಳ, ಒಳಗೆ ನಮ್ಮ ಸಪ್ಪಳ. ಬಿಡಿ ಯುದ್ಧದಲ್ಲಿ ಸೈನಿಕರನ್ನು ಕಡಲೆಪುರಿಯಂತೆ ಚೆಲ್ಲುತ್ತಿದ್ದವರು ಈಗ ಒಬ್ಬೊಬ್ಬನಿಗೂ ಜೀವ ಬಿಡತೊಡಗಿದೆವು. ಸಂಗಮೇಶನ ನಾಯಿಪಡೆ ನನ್ನ ಚಿಮ್ಮಡವನ್ನು ಒಂದೇ ಏಟಿಗೆ ಕಿತ್ತುಕೊಂಡಿತು. ಸಿಟ್ಟಿಗೆ ನಾನು ಅವನಿಗೆ ಚಹಾ ಕೊಡಲಿಲ್ಲ. ಮರುವಾರ ಅವನೇ ಫೋನ್ ಮಾಡಿ, ಇಬ್ಬರೂ ಕೂಡಿ ಪ್ರಕಾಶಣ್ಣನ ಮೇಲೆ ಬೀಳೋಣ ಎಂದ. ನಂಬಿ ಹೋದೆ. ನಾನು ನೀಲಿ ದಂಡಿನ ಕೈಯಲ್ಲಿ ಜಜ್ಜಿಸಿಕೊಳ್ಳುವಾಗ ಈ ಪುಣ್ಯಾತ್ಮ ಮಳೆಯ ನೆಪ ಹೇಳಿ ಅರ್ಧ ದಾರಿಯಲ್ಲೇ ಕುಳಿತ. ವಾಟ್ಸ್‌ಆಪ್‌ನಲ್ಲಿ ನಾನು ಬರೆದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಆದರೆ ಬೆರಗು ಹುಟ್ಟಿಸಿದವಳು ಗೌರಕ್ಕ. ಅವಳ ಅದೇ ಹಳೆಯ ಚಾಳಿ, ಇಬ್ಬರು ಬಿದ್ದ ಕೂಡಲೇ ಹಿಂದೆ ಸರಿಯುವುದು, ಈಗ ಬೇರೆಯೇ ಫಲ ಕೊಟ್ಟಿತು. ನಾವು ಮೂವರು ಗೆದ್ದು ಗೆದ್ದು ಸವೆದೆವು. ಅವಳು ಸೋತು ಸೋತು ಉಳಿದಳು. ಅಂಚಿನ ಹಳ್ಳಿಗಳು ಒಂದೆರಡು ಹೋದವು, ಮಂದಿ ಹೋಗಲಿಲ್ಲ. ಆಷಾಢದ ನಡುವೆ ಎಣಿಸಿ ನೋಡಿದರೆ ಎಲ್ಲರಿಗಿಂತ ದೊಡ್ಡ ದಂಡು ಅರಿಶಿನದ್ದು! ಪ್ರಕಾಶಣ್ಣ ಕನ್ನಡಕ ಒರೆಸಿ ಒರೆಸಿ ನೋಡಿದರು. ಗೌರಕ್ಕ ಪ್ರತಿ ಯುದ್ಧ ಮುಗಿದ ಮೇಲೂ ಅಪ್ಪನಿಗೆ ಫೋನ್ ಹಚ್ಚಿ ಯುದ್ಧದ ಸುದ್ದಿ ಹೇಳುತ್ತಿದ್ದಳು. ಮುದುಕ ಆಚೆಯಿಂದ, ಊರು ಬಿಡಬೇಡ, ಹೊಳೆಯ ಕಡೆ ಕಾವಲಿಡು ಎಂದು ಅಪ್ಪಣೆ ಕೊಡುತ್ತಿದ್ದ. ಬನ್ನಿಕಟ್ಟಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅಷ್ಟು ಮಂದಿ ಅಲ್ಲಿ ನಿಂತಿದ್ದರು.

ಆಗ ನಮ್ಮವ್ವ ನಡುವೆ ಬಂದಳು.

ನಮ್ಮಲ್ಲಿ ಮಣ್ಣಿನ ದೇವರಿಗೆ ಒಂದು ಪದ್ಧತಿ ಉಂಟು. ಅಮಾವಾಸ್ಯೆಯ ಎತ್ತಾಗಲಿ, ಆಷಾಢದ ಮಂಗಳವಾರಗಳ ಗುಳ್ಳವ್ವನಾಗಲಿ, ಪೂಜೆಯಾದ ಮಣ್ಣನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು, ನೀರಿಗೆ ಬಿಡಬೇಕು. ಕೊನೆಯ ಮಂಗಳವಾರ ಓಣಿಯ ಹುಡುಗಿಯರು ಬುತ್ತಿ ಕಟ್ಟಿಕೊಂಡು ಗುಳ್ಳವ್ವನನ್ನು ಕಳಿಸಲು ಕಾಲುವೆಗೆ ಹೊರಟರು. ಗೌರಕ್ಕ ಪ್ರತಿ ವಾರ ಬಸ್ಸಿನಲ್ಲಿ ಹೊತ್ತು ತಿರುಗಿದರೆ ಒಡೆಯುತ್ತವೆಂದು ತನ್ನ ದಂಡನ್ನು ನಮ್ಮ ಮನೆಯಲ್ಲೇ, ಗುಳ್ಳವ್ವನ ಪಕ್ಕದ ಗೂಡಿನಲ್ಲಿ ಇಟ್ಟು ಹೋಗಿದ್ದಳು. ನನ್ನ ಕೆಂಪು ದಂಡಿಗೆ ಪೇಂಟಿನ ಹೊಳಪು, ಅದು ದೇವರಂತೆ ಕಾಣುತ್ತಿರಲಿಲ್ಲ. ಗೌರಕ್ಕನದಕ್ಕೋ ಅರಿಶಿನದ ಮೈ, ಗುಲಗಂಜಿ ಕಣ್ಣು, ಜೋಳದ ಕಾಳಿನ ಎದೆ. ನಮ್ಮ ಆಟದ ಮೇಜಿನ ಕಡೆ ಒಮ್ಮೆಯೂ ಇಣುಕದ ಅವ್ವ ಏನು ಮಾಡಬೇಕು? ಬೀಳಗಿಯ ಮಗಳು ಹರಕೆ ಹೊತ್ತು ಇಷ್ಟೊಂದು ಗುಳ್ಳವ್ವರನ್ನು ಮಾಡಿದ್ದಾಳೆ, ಪಾಪ, ಎಂದುಕೊಂಡಳು. ಒಬ್ಬೊಬ್ಬರಿಗೂ ಕುಂಕುಮ ಹಚ್ಚಿ, ಬುಟ್ಟಿಯಲ್ಲಿಟ್ಟು, ಹುಡುಗಿಯರ ಕೈಗೆ ಕೊಟ್ಟಳು.

ಸಂಜೆ ನಾನು ಬಂದು ನೋಡಿದರೆ ಗೂಡು ಖಾಲಿ. ಕಾಲುವೆಗೆ ಓಡಿದೆ. ಕೆನ್ನೀರು ತುಂಬಿ ಹರಿಯುತ್ತಿತ್ತು, ದಂಡೆಯಲ್ಲಿ ನಾಲ್ಕು ಜಕಾರ್ಡ್ ರಟ್ಟು ಬಿದ್ದಿದ್ದವು. ಮನೆಗೆ ಬಂದು ಅವ್ವನ ಮೇಲೆ ಹಾರಾಡಿದೆ. ಅವಳಿಗೆ ಅರ್ಥವೇ ಆಗಲಿಲ್ಲ.

“ಹಂಗ ಒಗದಿಲ್ಲಬೇ,” ಅಂದಳು. “ಹೂ ಏರಿಸಿ, ಕಡಬು ಎಡಿ ಹಿಡದು, ಹಾಡು ಹೇಳಿ ಕಳಿಸೇವಿ.”

ನಗು ಬರಬೇಕಿತ್ತು. ನನಗೆ ಅಳು ಬಂತು. ಇದ್ದ ಒಂದೂರು ನೀರಿಗೆ ಹೋಯಿತು, ಈಗ ಅದನ್ನು ಕಾಯುವ ದಂಡೂ ನೀರಿಗೆ ಹೋಯಿತು, ಯಾವ ಬಾಯಿಂದ ಹೇಳಲಿ? ಅಂತೂ ಫೋನ್ ಮಾಡಿದೆ. ಗೌರಕ್ಕ ಎಲ್ಲ ಕೇಳಿಸಿಕೊಂಡು, ಅತ್ತೆಗೆ ಬೈಯಬೇಡ ಎಂದಳು. ಬಣ್ಣ ಹೋಗಿದೆಯೆಂದು ಅವಳು ತಿದ್ದಲು ಒಯ್ದಿದ್ದ ಎರಡು ಪಡೆ ಮಾತ್ರ ಬೀಳಗಿಯಲ್ಲಿ ಉಳಿದಿದ್ದವು. ಹತ್ತೇ ಮಂದಿ.

ವಿಷಯ ತಿಳಿದು ಪ್ರಕಾಶಣ್ಣನೇ ಮೊದಲು ಫೋನ್ ಮಾಡಿದರು. ಯುದ್ಧದಲ್ಲಿ ಬಿದ್ದವರು ಮಾತ್ರ ಸತ್ತಂತೆ, ಕಾಲುವೆಗೆ ಬಿದ್ದವರ ಬಗ್ಗೆ ನಿಯಮವಿಲ್ಲ, ಹೊಸದಾಗಿ ಮಾಡಿಕೊಳ್ಳಲಿ, ಬೇಕಾದರೆ ಅಂಗಿಯ ಗುಂಡಿಗಳನ್ನೇ ಸೈನಿಕರೆಂದು ಇಡಲಿ ಎಂದರು. ಅವರ ಬಾಯಲ್ಲಿ ಇಂಥ ಮಾತು! ಸಂಗಮೇಶನೂ ಹೂಂ ಎಂದ. ಗೌರಕ್ಕ ಒಪ್ಪಲಿಲ್ಲ.

“ನಮ್ಮೂರು ಮುಳಗಿದಾಗ ಮತ್ತೊಂದು ಇಟ್ಟು ಆಡ್ರಿ ಅಂತ ಯಾರರ ಅಂದಿದ್ರೇನ್ರಿ?” ಅಂದಳು. “ಇದ್ದಷ್ಟು ಮಂದೀಲೆ ನಿಂದರತೀನಿ.”

ಕೊನೆಯ ಭಾನುವಾರ ಬಂತು. ಹೊಳೆ ತುಂಬಿದ ಸುದ್ದಿ, ಖರೆ ಬನ್ನಿಕಟ್ಟಿಯ ಮೇಲೆ ಆಗಲೇ ನೀರು ಏರಿತ್ತು. ನಕ್ಷೆಯಲ್ಲಿ ಪ್ರಕಾಶಣ್ಣ, ಸಂಗಮೇಶ ಸಮಸಮ. ಪ್ರಕಾಶಣ್ಣನಿಗೆ ಇನ್ನೊಂದು ಊರು ಸಿಕ್ಕರೆ ಗೆದ್ದಂತೆ, ಆ ಊರು ಬೀಳಗಿ. ದಾರಿ ಒಂದೇ, ಬನ್ನಿಕಟ್ಟಿಯ ಮೇಲೆ; ಅದು ಲೆಕ್ಕಕ್ಕಿಲ್ಲದ ಊರಾದ್ದರಿಂದ ಅದನ್ನು ದಾಟಿ ಒಂದೇ ವಾರದಲ್ಲಿ ಬೀಳಗಿ ಮುಟ್ಟಬಹುದಿತ್ತು. ದಂಡು ಎಲ್ಲಿದೆ ಎಂದು ಚೀಟಿ ಬರೆದು ತೆರೆಯುವುದು ನಮ್ಮ ರೂಢಿ. ಬೀಳಗಿಯಲ್ಲಿ ಕೋಟೆಗೋಡೆಯ ಮರೆ ಇಟ್ಟಿದ್ದೆವು, ಅಲ್ಲಿ ನಿಂತರೆ ಹತ್ತು ಮಂದಿಯೂ ಆಟದ ಆರೂ ಸುತ್ತು ತಡೆಯಬಹುದು. ಗೌರಕ್ಕನ ಚೀಟಿ ತೆರೆದರೆ ಬನ್ನಿಕಟ್ಟಿ! ನನಗೆ ತಡೆಯಲಾಗಲಿಲ್ಲ. ತಲೆ ಕೆಟ್ಟಿದೆಯೇನು, ಸೊನ್ನೆಯ ಊರಿಗೆ ಇದ್ದವರನ್ನೂ ಕಳೆದುಕೊಳ್ಳುತ್ತೀಯಾ ಎಂದು ಎಲ್ಲರ ಮುಂದೆ ಒದರಿದೆ.

ಅವಳು ಟೇಪು ಬಿಡಿಸುತ್ತ ಹೇಳಿದಳು: “ಬೀಳಗಿ ಎಲ್ಲಿ ಹೋಗತೈತಿ ಸುಮಿ? ನಾಳೆ ಬಸ್ ಹತ್ತಿದರ ಸಿಗತೈತಿ. ಬನ್ನಿಕಟ್ಟಿ ಇರೂದು ಈ ಮ್ಯಾಜಿನ ಮ್ಯಾಲ ಅಷ್ಟ.”

ಮೇಜನ್ನು ನಾನೇ ಸಿದ್ಧ ಮಾಡಿದೆ. ನಮ್ಮದೇ ಮಗ್ಗದ ನೀಲಿ ಸೀರೆ ಹಾಸಿ ಹಿನ್ನೀರು, ನಡುವೆ ಬನ್ನಿಕಟ್ಟಿಯ ನಾಲ್ಕು ಮನೆ, ಅಲ್ಲಿಗೆ ಒಂದೇ ಒಂದು ಸಣ್ಣ ದಾರಿ. ಆ ದಾರಿಯಲ್ಲಿ ಒಂದು ಸಲಕ್ಕೆ ಒಂದೇ ಪಡೆ ಹಿಡಿಸುತ್ತಿತ್ತು. ಪ್ರಕಾಶಣ್ಣನ ದಂಡು ಎಷ್ಟು ದೊಡ್ಡದಿದ್ದರೂ ಮುಂದಿನವರು ಕಾದಬೇಕು, ಹಿಂದಿನವರು ಕಾಯಬೇಕು. ಆರು ಸುತ್ತು ಮುಗಿಯುವ ತನಕ ಊರಲ್ಲಿ ಒಬ್ಬ ಅರಿಶಿನದವನು ನಿಂತಿದ್ದರೂ ಊರು ಗೌರಕ್ಕನದು.

ಮೊದಲ ಸುತ್ತಿಗೇ ಇಬ್ಬರು ಬಿದ್ದರು. ನಾವೆಲ್ಲ ಅವಳ ಕೈ ನೋಡಿದೆವು. ಪ್ರತಿ ಸಲ ಈ ಹೊತ್ತಿಗೆ ಆ ಕೈ ಪಡೆಯನ್ನು ಹಿಂದಕ್ಕೆಳೆಯುತ್ತಿತ್ತು. ಕೈ ಅಲ್ಲಾಡಲಿಲ್ಲ. ಎರಡನೇ ಸುತ್ತಿಗೆ ಮತ್ತೊಬ್ಬ. ಅವಳ ದಾಳವೂ ಸುಮ್ಮನಿರಲಿಲ್ಲ, ನೀಲಿಯವರ ಮುಂದಿನ ಪಡೆ ಪೂರ್ತಿ ಮಲಗಿತು. ಸಂಗಮೇಶ ಕುರ್ಚಿಯ ಮೇಲೆ ಹತ್ತಿ ನಿಂತ. ಮೂರು, ನಾಲ್ಕು, ಐದು. ಪ್ರಕಾಶಣ್ಣನ ಹಣೆಯಲ್ಲಿ ಬೆವರು, ಒಂದು ಬೆರಳಿನಷ್ಟೂ ಸಡಿಲು ಬಿಡದೆ ಆಡುತ್ತಿದ್ದರು, ಅದೇ ಅವರ ಮರ್ಯಾದೆ. ಆರನೇ ಸುತ್ತಿಗೆ ಊರಲ್ಲಿ ಇಬ್ಬರೇ ಉಳಿದರು. ನೀಲಿಯವರ ಏಟಿಗೆ ಒಬ್ಬ ಬಿದ್ದ. ಉಳಿದವನು ಒಬ್ಬ. ಒಂಟಿಯಾದವನಿಗೆ ಧೈರ್ಯದ ದಾಳ ಎಸೆಯಬೇಕು: ನಾಲ್ಕೋ ಅದಕ್ಕೂ ಮೇಲೋ ಬಿದ್ದರೆ ನಿಲ್ಲುತ್ತಾನೆ, ಕಡಿಮೆ ಬಿದ್ದರೆ ಓಡುತ್ತಾನೆ.

ಗೌರಕ್ಕ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಮಣ್ಣಿನ ಒಂದು ಗೊಂಬೆ, ಸೀರೆಯ ಒಂದು ತುಂಡು, ಇಷ್ಟಕ್ಕೆ ಉಸಿರು ಕಟ್ಟುವುದೇ? ಕಟ್ಟಿತ್ತು. ದಾಳ ಉರುಳಿತು, ನೀಲಿ ಸೀರೆಯ ಮಡಿಕೆಗೆ ತಾಗಿ ನಿಂತಿತು.

ಐದು.

ನಾನು ಕಿರುಚಿದ ರಭಸಕ್ಕೆ ಅವ್ವ, ಯಾರದೋ ಕೈ ಮಗ್ಗಕ್ಕೆ ಸಿಕ್ಕಿತೆಂದು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಸಂಗಮೇಶ ಕುರ್ಚಿಯಿಂದ ಬಿದ್ದ. ದಂಡಯಾತ್ರೆ ಸಮಸಮ ಮುಗಿಯಿತು, ಯಾರು ಗೆದ್ದರೆಂದು ಕೇಳುವ ಎಚ್ಚರವೂ ಯಾರಿಗಿರಲಿಲ್ಲ. ಪ್ರಕಾಶಣ್ಣ ಎರಡೂ ಕೈ ಜೋಡಿಸಿದರು.

ಗೌರಕ್ಕ ಆಗಲೇ ಫೋನ್ ಹಚ್ಚಿದ್ದಳು. ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. “ಅಪ್ಪಾ, ಊರು ಉಳೀತು,” ಅಂದಳು.

ಆಚೆಯಿಂದ ಮಳೆಯ ಸಪ್ಪಳದ ನಡುವೆ ಮಾವ ಕೇಳಿದ: “ಅಗಸಿ ಮುಂದಿನ ಬನ್ನಿ ಗಿಡ ಐತೇನವಾ?”

ಗೌರಕ್ಕ ಮೇಜು ನೋಡಿದಳು. ನಾಲ್ಕು ಮನೆ, ಒಂದು ದಾರಿ, ಒಬ್ಬ ಸೈನಿಕ. ದಸರೆಗೆ ಊರೆಲ್ಲ ಎಲೆ ಹಂಚಿಕೊಳ್ಳುವ ಆ ಗಿಡ ಇರಲಿಲ್ಲ, ನಾನು ಇಟ್ಟಿರಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ, ನಮ್ಮ ಕಡೆ ನೋಡಿದಳು. ಪ್ರಕಾಶಣ್ಣ ಸರಕ್ಕನೆ ಎದ್ದು ಮಳೆಯಲ್ಲಿ ಹೊರಗೆ ಓಡಿದರು. ನೆನೆದುಕೊಂಡು ಬಂದು, ನಮ್ಮ ಬಾಗಿಲ ಮುಂದಿನ ಬೇವಿನದೊಂದು ಕುಡಿಯನ್ನು ಹಸಿ ಮಣ್ಣಿನ ಉಂಡೆಗೆ ಚುಚ್ಚಿ, ಆ ಒಬ್ಬ ಸೈನಿಕನ ಪಕ್ಕ, ಊರ ಬಾಯಲ್ಲಿ, ಅಗಸಿ ಇರಬೇಕಾದಲ್ಲಿ, ನಿಲ್ಲಿಸಿದರು. ಬಿದ್ದೀತೆಂದು ಬೆರಳಲ್ಲಿ ಹಿಡಿದುಕೊಂಡೇ ನಿಂತರು.

“ಐತಿ ಅಪ್ಪಾ,” ಅಂದಳು ಗೌರಕ್ಕ.

“ಹಂಗಾರ ಛಲೋ ಆತು,” ಅಂದ ಮಾವ. “ಈ ದಸರಾಕ್ಕ ಬನ್ನಿ ಅಲ್ಲೇ ಮುಡಿಯೂಣು.”